ಪ್ರೊಪೆಲ್ಲರ್‌ಗೆ ಸಿಕ್ಕಿದ ಹಗ್ಗ ಬಿಡಿಸಲು ಸ್ಕೂಬಾ ಬೇಕಾ?

ಹಾಯಿದೋಣಿಯಲ್ಲೇ ವಾಸ, ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿಕೊಂಡರೆ ಬಿಡಿಸಲು ಸ್ಕೂಬಾ (ಸಿಲಿಂಡರ್ ಗಾಳಿ ಉಸಿರಾಡುತ್ತಾ ನೀರಿನಡಿ ಇಳಿಯುವುದು) ಕಲಿಯಬೇಕಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಿರಿ. ಒಂದೆರಡು ಮೀಟರ್ ಆಳ ತಾನೇ ಅಂತ ಸುಮ್ನೆ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಡಿ. ಅದರ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅಷ್ಟೇ ಆಳದಲ್ಲೂ ಶ್ವಾಸಕೋಶ ಹರಿಯಬಹುದು.

ಓಪನ್ ವಾಟರ್ ಅನ್ನುವ ಹೊಸಬರ ಸ್ಕೂಬಾ ಕೋರ್ಸ್‌ನಿಂದ ಶುರು ಮಾಡಿ. ಅದರಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ವೇಗ ಮುಖ್ಯ ಅಲ್ಲ.

ಇಳಿಯುವ ಮುಂಚೆ ಎಂಜಿನ್ ಆಫ್ ಮಾಡಿ ಕೀಲಿ ತೆಗೆದಿಡಿ. ಅಲೆ ಜಾಸ್ತಿ ಇದ್ದರೆ ಬೇಡವೇ ಬೇಡ, ದೋಣಿಯ ಹಿಂಭಾಗ ಎದ್ದೆದ್ದು ತಲೆಗೆ ಬಡಿಯುತ್ತದೆ. ಹಲ್ಲಿರುವ ಚಾಕು ಒಯ್ಯಿರಿ. ಪ್ರೊಪೆಲ್ಲರ್ ತಿರುಗಿಸುವ ದಂಡ, ಅಂದರೆ ಶಾಫ್ಟ್‌ಗೆ ಬಿಗಿದ ನೈಲಾನ್ ಹಗ್ಗ ತಿಕ್ಕಾಟದ ಬಿಸಿಗೆ ಕರಗಿ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ನಯವಾದ ಅಲಗು ಜಾರುತ್ತದೆ. ನೀವು ಕೆಳಗಿರುವಷ್ಟು ಹೊತ್ತೂ ಡೆಕ್ ಮೇಲೆ ಒಬ್ಬರು ಇರಲೇಬೇಕು.