ಮಸುಕು ಗೆರೆ, ಮೂರು ಮಹಡಿ ಮೆಟ್ಟಿಲು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.

ಪತ್ನಿಗೆ 35, ಪತಿಗೆ 38. ಮೂರು ವರ್ಷದಿಂದ ಮಗುವಿಗಾಗಿ ಕಾದಿದ್ದರು. ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ, ಅಂದರೆ ಐವಿಎಫ್, ಮೊದಲ ಸಲ ಫಲಿಸದೆ ಆರು ವಾರ ಕಳೆದಿತ್ತು. ಒಂದು ಭ್ರೂಣ ಫ್ರೀಜ್ ಆಗಿ ಉಳಿದಿದ್ದರೂ ಅದನ್ನು ಹಾಕಿಸಿಕೊಳ್ಳಲು ಆಕೆ ಒಪ್ಪುತ್ತಿರಲಿಲ್ಲ. ವೈದ್ಯರು ಖಿನ್ನತೆಯ ಅನುಮಾನದಿಂದ ಆಪ್ತಸಲಹೆಗೆ ಕಳಿಸಿದ್ದರು. ನಿದ್ದೆ, ಹಸಿವು, ಸಾಯುವ ಯೋಚನೆ ಇವನ್ನೆಲ್ಲ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಲಾಯಿತು. ನಿದ್ದೆ ಕೆಟ್ಟಿತ್ತು, ಉಳಿದದ್ದು ಸರಿಯಿತ್ತು. ಆಕೆಯನ್ನು ಕೊರೆಯುತ್ತಿದ್ದುದು ಬೇರೆಯೇ.

“ನಾನೇ ಕಳಕೊಂಡೆ ಮೇಡಂ. ಟೆಸ್ಟ್‌ನಲ್ಲಿ ಎರಡು ಗೆರೆ ಬಂದಿತ್ತು. ಮಾರನೇ ದಿನ ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿದೆ. ಆಮೇಲೆ ಗೆರೆ ಹೋಯಿತು.”

“ಹಾಗೆಲ್ಲ ಅಂದುಕೊಳ್ಳಬೇಡಿ” ಎಂದು ಎಲ್ಲರೂ ಆಕೆಗೆ ಹೇಳಿಯಾಗಿತ್ತು. ಅದು ನಾಟಿರಲಿಲ್ಲ, ನಾಟುವುದೂ ಇಲ್ಲ. ಆಕೆಯ ಬಳಿ ಇದ್ದದ್ದು ಬರೀ ಭಾವನೆಯಲ್ಲ, ಸಾಕ್ಷಿ. ಕಣ್ಣಾರೆ ಕಂಡ ಗೆರೆ. ಹಾಗಾಗಿ ಆ ಸಾಕ್ಷಿಯನ್ನೇ ಪರಿಶೀಲಿಸಬೇಕಾಯಿತು. ಆಸ್ಪತ್ರೆಯ ಫೈಲು, ಒಂದು ಕ್ಯಾಲೆಂಡರು, ಒಂದು ಪೆನ್ನು ಮೇಜಿನ ಮೇಲೆ ಬಂದವು.

ಅಂಡಾಣುಗಳನ್ನು ಹೊರತೆಗೆಯುವ ಸುಮಾರು 36 ಗಂಟೆ ಮೊದಲು ಅವು ಪಕ್ವವಾಗಲೆಂದು ಒಂದು ಇಂಜೆಕ್ಷನ್ ಕೊಡುತ್ತಾರೆ, ‘ಟ್ರಿಗರ್’ ಎನ್ನುವುದು ಅದನ್ನೇ. ಈಕೆಯ ಫೈಲಿನಲ್ಲಿ ಇದ್ದದ್ದು ಗರ್ಭ ನಿಂತಾಗ ದೇಹದಲ್ಲಿ ಏರುವ ಹಾರ್ಮೋನಾದ ಎಚ್‌ಸಿಜಿ, 10,000 ಯೂನಿಟ್. ಮನೆಯ ಪ್ರೆಗ್ನೆನ್ಸಿ ಕಿಟ್ ಮೂತ್ರದಲ್ಲಿ ಹುಡುಕುವುದೂ ಇದೇ ಎಚ್‌ಸಿಜಿಯನ್ನು. ಇಂಜೆಕ್ಷನ್ನಿನ ಎಚ್‌ಸಿಜಿ ದೇಹದಿಂದ ಪೂರ್ತಿ ಹೋಗಲು 10ರಿಂದ 14 ದಿನ ಬೇಕಾಗಬಹುದು. ಆಕೆಗೆ ಭ್ರೂಣ ಹಾಕಿದ್ದು ಅಂಡಾಣು ತೆಗೆದ ಐದನೇ ದಿನ. ಅದಾಗಿ ಎರಡು ದಿನಕ್ಕೆ ತಡೆಯಲಾರದೆ ಕಿಟ್ ಬಳಸಿದ್ದರು. ಕ್ಯಾಲೆಂಡರಿನಲ್ಲಿ ಎಣಿಸಿದರೆ ಅದು ಟ್ರಿಗರ್ ತೆಗೆದುಕೊಂಡ ಒಂಬತ್ತನೇ ದಿನ. ಆ ಹೊತ್ತಿಗೆ ಭ್ರೂಣ ಗರ್ಭಕೋಶಕ್ಕೆ ಅಂಟಲು ಶುರುಮಾಡಿದ್ದರೂ ಮೂತ್ರದಲ್ಲಿ ಕಾಣುವಷ್ಟು ಹಾರ್ಮೋನು ಬಿಡುವುದು ಸಾಧ್ಯವಿರಲಿಲ್ಲ. ಅಂದರೆ ಆಕೆ ನೋಡಿದ ಎರಡನೇ ಗೆರೆ ಭ್ರೂಣದ್ದಲ್ಲ, ಸೂಜಿಮದ್ದಿನದು. ಮೆಟ್ಟಿಲು ಹತ್ತದಿದ್ದರೂ ಆ ಗೆರೆ ಮಾಸುತ್ತಲೇ ಇತ್ತು.

ಆಕೆ ಆ ದಿನಗಳನ್ನು ತಾವೇ ಬೆರಳು ಮಡಚಿ ಮತ್ತೆರಡು ಸಲ ಎಣಿಸಿದರು. ಇಂಥ ಹೊತ್ತಿನಲ್ಲಿ ಸಲಹೆಗಾರರು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಇನ್ನು ಭ್ರೂಣ ‘ಬಿದ್ದುಹೋಗುವ’ ಮಾತು. ಗರ್ಭಕೋಶ ಬಾಯಿ ತೆರೆದ ಚೀಲವಲ್ಲ. ಅದರ ಎರಡು ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಭ್ರೂಣದ ಗಾತ್ರ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು. ಅದರ ಜೊತೆ ಒಳಹೋಗುವ ದ್ರವ ಒಂದು ಹನಿಯಷ್ಟೂ ಇರುವುದಿಲ್ಲ. ನಡೆದರೆ, ಕೆಮ್ಮಿದರೆ, ಮೂತ್ರಕ್ಕೆ ಹೋದರೆ ಜಾರುವಂಥದ್ದಲ್ಲ. ಭ್ರೂಣ ಹಾಕಿದ ಮೇಲೆ ಮಲಗಿಯೇ ಇರುವುದರಿಂದ ಫಲಿತಾಂಶ ಸುಧಾರಿಸುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಬೆಂಬಲ ಸಿಕ್ಕಿಲ್ಲ. ಭ್ರೂಣ ನಿಲ್ಲದಿರಲು ಅತಿ ಸಾಮಾನ್ಯ ಕಾರಣ ಅದರೊಳಗಿನ, ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮುಗಳ ಎಣಿಕೆ ತಪ್ಪಿರುವುದು. ಅಂಡಾಣುವಿನ ವಯಸ್ಸು 35ರ ಆಸುಪಾಸಿನಲ್ಲಿದ್ದರೆ ಐದನೇ ದಿನ ತಲುಪಿದ ಭ್ರೂಣಗಳಲ್ಲೂ ಸುಮಾರು ಮೂರರಲ್ಲಿ ಒಂದು ಹೀಗಿರುತ್ತದೆ. 40ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು. ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಂಡ ಭ್ರೂಣವೂ ಇದಕ್ಕೆ ಹೊರತಲ್ಲ.

ಎರಡನೇ ಭೇಟಿಗೆ ಆಕೆ ಬರೆದುಕೊಂಡು ಬಂದಿದ್ದ ಪ್ರಶ್ನೆ: “ಹತ್ತು ಮೊಟ್ಟೆ ತೆಗೆದರು, ಒಂದು ಹಾಕಿದರು, ಒಂದು ಇಟ್ಟಿದ್ದಾರೆ. ಉಳಿದ ಎಂಟು ಎಲ್ಲಿ?” ಆಸ್ಪತ್ರೆಯ ಮೇಲಿನ ಅನುಮಾನಗಳಲ್ಲಿ ಬಹಳಷ್ಟು ಈ ಲೆಕ್ಕ ಯಾರೂ ಬಿಡಿಸಿ ಹೇಳದ್ದರಿಂದ ಹುಟ್ಟುತ್ತವೆ. ಫೈಲಿನ ಪ್ರಕಾರ ಹತ್ತರಲ್ಲಿ ಎಂಟು ಪಕ್ವ. ಎಂಟಕ್ಕೂ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸಿದ್ದರು, ಅಂದರೆ ಇಕ್ಸಿ. ಫಲಿತವಾದದ್ದು ಆರು. ಐದನೇ ದಿನಕ್ಕೆ ಗರ್ಭಕೋಶಕ್ಕೆ ಹಾಕಲು ಸಿದ್ಧವಾದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿದ್ದು ಎರಡು. ಪ್ರತಿ ಮೆಟ್ಟಿಲಿನಲ್ಲೂ ಕೆಲವು ಉದುರುವುದು ಪ್ರಯೋಗಾಲಯದ ತಪ್ಪಲ್ಲ. ಆರರಲ್ಲಿ ಎರಡು ಮೂರು ಕೊನೆ ಮುಟ್ಟುವುದು ವಾಡಿಕೆ.

ಇದರ ಬೆನ್ನಿಗೇ ಇನ್ನೊಂದು ಭಯ: ಹತ್ತು ಖರ್ಚಾದವು, ಮುಟ್ಟು ಬೇಗ ನಿಲ್ಲುತ್ತದೆ. ಇಲ್ಲ. ಪ್ರತಿ ತಿಂಗಳೂ ಅಂಡಾಶಯದಲ್ಲಿ ಅಂಡಾಣು ಇರುವ ಹಲವು ಸಣ್ಣ ಕೋಶಕಗಳು ಒಟ್ಟಿಗೆ ಬೆಳೆಯಲು ಹೊರಡುತ್ತವೆ. ಒಂದು ಗೆಲ್ಲುತ್ತದೆ, ಮಿಕ್ಕವು ತಾವಾಗಿ ಕರಗುತ್ತವೆ. ಟ್ರಿಗರ್‌ಗೂ ಮೊದಲು ದಿನವೂ ಕೊಡುವ ಇಂಜೆಕ್ಷನ್ ಮಾಡುವುದು ಆ ತಿಂಗಳು ಹೇಗೂ ಕರಗಲಿದ್ದವನ್ನು ಬೆಳೆಸುವ ಕೆಲಸ. ಮುಂದಿನ ತಿಂಗಳ ದಾಸ್ತಾನಿಗೆ ಅದು ಕೈ ಹಾಕುವುದಿಲ್ಲ.

“ಎರಡೂ ಒಟ್ಟಿಗೇ ಹಾಕಬಹುದಿತ್ತಲ್ಲ” ಎಂಬುದು ಪತಿಯ ಆಕ್ಷೇಪ. ಎರಡು ಹಾಕಿದರೆ ಅವಕಾಶ ದುಪ್ಪಟ್ಟಾಗುವುದಿಲ್ಲ, ಅವಳಿಯ ಅಪಾಯ ಮಾತ್ರ ಏರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಇನ್ನೊಂದನ್ನು ಫ್ರೀಜ್ ಮಾಡಿಟ್ಟರೆ ಅದು ನಷ್ಟವೂ ಅಲ್ಲ: ಈಗಿನ ಘನೀಕರಣ ವಿಧಾನದಲ್ಲಿ ಇಂಥ ಭ್ರೂಣಗಳು ಕರಗಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಸುರಕ್ಷಿತವಾಗಿ ಮರಳುತ್ತವೆ.

ಪತಿಯೊಂದಿಗೆ ಪ್ರತ್ಯೇಕ ಮಾತುಕತೆ ನಡೆದದ್ದು ಮೂರನೇ ಭೇಟಿಯಲ್ಲಿ. ಮೂರು ವರ್ಷದ ಹಿಂದೆ ಅವರ ವೀರ್ಯಾಣು ಮಿಲಿಲೀಟರಿಗೆ 21 ದಶಲಕ್ಷ, ಐವಿಎಫ್ ಹೊತ್ತಿಗೆ 5. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ 16. ಹೀಗೆ ಕುಸಿದದ್ದೇಕೆ ಎಂದು ಯಾರೂ ಕೇಳಿದಂತಿರಲಿಲ್ಲ, ಇಕ್ಸಿ ಇದೆಯಲ್ಲ ಎಂದು ಮುಂದೆ ಹೋಗಿದ್ದರು. “ಬೇರೆ ಏನಾದರೂ ಇಂಜೆಕ್ಷನ್, ಪುಡಿ, ಮಾತ್ರೆ?” ಎಂದು ಕೇಳಿದಾಗ ತುಸು ತಡೆದು ಹೇಳಿದರು: ಎರಡು ವರ್ಷದಿಂದ ಜಿಮ್ಮಿನ ಪರಿಚಿತರೊಬ್ಬರ ಮೂಲಕ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು. ಗಂಡಸುತನ ಹೆಚ್ಚುತ್ತದೆ, ಹಾಗಾಗಿ ಮಗುವಿಗೂ ಒಳ್ಳೆಯದು ಎಂಬ ನಂಬಿಕೆ.

ಆಗುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ‘ಸಾಕಷ್ಟಿದೆ’ ಎಂದು ತಿಳಿದು ವೃಷಣಗಳಿಗೆ ಕಳಿಸುವ ಸಂಕೇತ ನಿಲ್ಲಿಸುತ್ತದೆ. ಮೈಕಟ್ಟು ಬೆಳೆಯುತ್ತಿರುವಾಗಲೇ ವೀರ್ಯಾಣುಗಳು ಸೊನ್ನೆಗೂ ಇಳಿಯಬಹುದು. ತಾವಾಗಿ ಒಮ್ಮೆಗೇ ನಿಲ್ಲಿಸದೆ ಮೊದಲು ಪುರುಷ ಬಂಜೆತನ ನೋಡುವ ತಜ್ಞರನ್ನು ಕಾಣಬೇಕು ಎಂದು ಸೂಚಿಸಲಾಯಿತು, ಏಕೆಂದರೆ ನಿಲ್ಲಿಸಿದ ಮೊದಲ ವಾರಗಳಲ್ಲಿ ಸುಸ್ತು, ಮಂಕು ಸಾಮಾನ್ಯ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಬೇಕು. ಪೂರ್ತಿ ಚೇತರಿಕೆಗೆ ವರ್ಷವೂ ಹಿಡಿಯಬಹುದು. ಈ ವಿಷಯ ಅವರ ಅನುಮತಿಯಿಲ್ಲದೆ ಪತ್ನಿಗೆ ತಿಳಿಯದು, ಆದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ಅವರೇ ಹೇಳಲೇಬೇಕು ಎಂದು ಒಪ್ಪಂದವಾಯಿತು. ವೈದ್ಯರಿಗೆ ಹೇಳಿದ ಸಂಜೆ ಪತ್ನಿಗೂ ಅವರೇ ಹೇಳಿದರು. ಮುಂದಿನ ಭೇಟಿ ಪೂರ್ತಿ ಆಕೆಯ ಸಿಟ್ಟಿಗೆ ಮೀಸಲಾಯಿತು. ಆ ಸಿಟ್ಟನ್ನು ತಣಿಸಲು ಯಾರೂ ಆತುರಪಡಲಿಲ್ಲ.

ಒಂದು ವ್ಯಾವಹಾರಿಕ ಸಂಗತಿ ಇಬ್ಬರಿಗೂ ಹೊಳೆದಿರಲಿಲ್ಲ. ಉಳಿದಿರುವ ಭ್ರೂಣ ಈಗಾಗಲೇ ಆಗಿರುವ ಭ್ರೂಣ. ಅದನ್ನು ಹಾಕಲು ಪತಿ ಚೇತರಿಸಿಕೊಳ್ಳುವವರೆಗೆ ಕಾಯಬೇಕಿಲ್ಲ. ಆ ಕಾಯುವಿಕೆ ಬೇಕಾಗುವುದು ಮತ್ತೊಮ್ಮೆ ಅಂಡಾಣು ತೆಗೆಯುವುದಾದರೆ ಮಾತ್ರ.

ಭ್ರೂಣ ಹಾಕಿಸಿಕೊಳ್ಳಲು ಆಕೆ ಒಪ್ಪಿದ ಮೇಲೆ ಬರೆದುಕೊಟ್ಟ ಸಲಹೆಗಳು ಇವು. ಕೆಲಸಕ್ಕೆ ಹೋಗಬಹುದು, ಮೆಟ್ಟಿಲು ಹತ್ತಬಹುದು. ಗರ್ಭಕೋಶದ ಒಳಪದರಕ್ಕೆ ಆಸರೆಯಾಗುವ ಪ್ರೊಜೆಸ್ಟೆರಾನ್ ಔಷಧವನ್ನು ರಕ್ತಸ್ರಾವ ಕಂಡರೂ, ಮನೆಯ ಟೆಸ್ಟ್ ಏನೇ ಹೇಳಿದರೂ, ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ಈ ಔಷಧದಿಂದ ಮುಟ್ಟು ತಡವಾಗುವುದೂ ಸ್ತನ ಬಿಗಿಯುವುದೂ ಇದೆ, ಅದನ್ನು ಗರ್ಭದ ಲಕ್ಷಣವೆಂದು ಓದಬಾರದು. ಒಂದೇ ಬದಿಯ ತೀವ್ರ ಹೊಟ್ಟೆನೋವು, ತಲೆಸುತ್ತು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಐವಿಎಫ್‌ನಲ್ಲೂ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಲ್ಲುವುದುಂಟು. “ಟೆನ್ಷನ್ ಮಾಡ್ಕೊಂಡ್ರೆ ನಿಲ್ಲಲ್ಲ” ಎನ್ನುವವರಿಗೆ ಉತ್ತರವೂ ಇತ್ತು: 2011ರಲ್ಲಿ 14 ಅಧ್ಯಯನಗಳನ್ನು, 3,583 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಚಿಕಿತ್ಸೆಗೆ ಮುಂಚಿನ ಆತಂಕಕ್ಕೂ ಆ ಸುತ್ತಿನ ಫಲಿತಾಂಶಕ್ಕೂ ನಂಟು ಕಂಡಿರಲಿಲ್ಲ. ಅಳಬೇಕೆನಿಸಿದರೆ ಅಳಬಹುದು.

ಮನೆಗೆ ಕಿಟ್ ತರುವುದಿಲ್ಲ ಎಂದು ಇಬ್ಬರೂ ತೀರ್ಮಾನಿಸಿದರು. ರಕ್ತಪರೀಕ್ಷೆಯ ಫಲಿತಾಂಶದ ಫೋನು ಪತಿಗೆ ಬರಲಿ, ಸಂಜೆ ಕೆಲಸ ಮುಗಿದ ಮೇಲೆ ಬರಲಿ ಎಂದು ಆಕೆ ಕೇಳಿಕೊಂಡರು. ಫಲಿತಾಂಶ ಯಾವುದೇ ಇರಲಿ, ಅದಾದ ಮೂರನೇ ದಿನಕ್ಕೆ ಮುಂದಿನ ಭೇಟಿ ಗೊತ್ತುಮಾಡಲಾಯಿತು.