ಟ್ಯೂಷನ್ ಮೇಷ್ಟ್ರ ಬಗ್ಗೆ ಪೊಲೀಸರನ್ನು ಕೇಳಬಹುದೇ?

ಲೆಸ್ಟರ್‌ನಲ್ಲಿ ಮಗಳ ಟ್ಯೂಷನ್ ಮೇಷ್ಟ್ರ ಹಿನ್ನೆಲೆಯನ್ನು ಪೊಲೀಸರ ಹತ್ತಿರ ವಿಚಾರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ವಿಚಾರಿಸಿ, ಹಿಂಜರಿಯಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ‘ಸಾರಾ ಕಾಯ್ದೆ’ ಅಂತ ಕರೆಯುವ ವ್ಯವಸ್ಥೆ ಇರುವುದೇ ಇದಕ್ಕೆ: ಮಗುವಿನ ಒಡನಾಟದಲ್ಲಿರುವವರು ಹಿಂದೆ ಮಕ್ಕಳ ಮೇಲೆ ಲೈಂಗಿಕ ಅಪರಾಧ ಮಾಡಿದ್ದಾರಾ ಅಂತ ಪೊಲೀಸರನ್ನು ಕೇಳಬಹುದು. ಪೊಲೀಸರ ತುರ್ತಲ್ಲದ ಕರೆಗಳ ಸಂಖ್ಯೆ 101ಕ್ಕೆ ಫೋನ್ ಮಾಡಿ. ನಾನು ಕೇಳಿದಾಗ ಮೊದಲು ಫೋನಿನಲ್ಲೇ ವಿವರ ಬರೆದುಕೊಂಡರು, ಆಮೇಲೆ ಪಾಸ್‌ಪೋರ್ಟ್ ತೋರಿಸಿ ಎದುರು ಕೂತು ಮಾತಾಡಬೇಕಾಯಿತು. ಕೈ ನಡುಗುತ್ತಿತ್ತು. ಮಗುವಿಗೆ ಅಪಾಯವಿದೆ ಅನ್ನಿಸಿದರೆ ತಿಳಿಸುತ್ತಾರೆ. ಅದನ್ನು ಬೇರೆಯವರಿಗೆ ಹೇಳುವಂತಿಲ್ಲ.

ಪೊಲೀಸರ ಹತ್ತಿರವಿರುವ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿರುವವರು ಹೆಸರು, ವಿಳಾಸ ಬದಲಿಸಿದರೆ 3 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಆದರೆ ತಿಳಿಸಬೇಕಾದವರು ಅವರೇ! ನನಗೆ ಭಯವಿರುವುದು ಅಲ್ಲೇ. ಸಿಕ್ಕಿಬೀಳದವರ ಹೆಸರಂತೂ ಪಟ್ಟಿಯಲ್ಲೇ ಇರುವುದಿಲ್ಲ. ಹಾಗಾಗಿ ‘ಏನೂ ಇಲ್ಲ’ ಅಂತ ಉತ್ತರ ಬಂದರೂ ಪಾಠ ಹಾಲ್‌ನಲ್ಲೇ ನಡೆಯಲಿ, ನೀವು ಅಲ್ಲೇ ಆಸುಪಾಸಿನಲ್ಲಿರಿ.