ಬಾಲ್ಯದ ಟಿವಿ ಗೇಮ್ ಈಗ ಯಾಕೆ ಇಷ್ಟು ಜೋರಾಗಿ ಓಡುತ್ತೆ?

ಪ್ರಶ್ನೆ: ಚಿಕ್ಕವನಿದ್ದಾಗ ಮನೆಯಲ್ಲಿ ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್ ಇತ್ತು. ಈಗ ಲ್ಯಾಪ್‌ಟಾಪ್‌ನಲ್ಲಿ ರೆಟ್ರೋಆರ್ಚ್ (ಹಳೆಯ ಗೇಮ್ ಮಷೀನುಗಳಂತೆ ನಡೆದುಕೊಳ್ಳುವ ಎಮ್ಯುಲೇಟರ್ ತಂತ್ರಾಂಶ) ಹಾಕಿಕೊಂಡು, ಅದರ ಎಫ್‌ಸಿಇಯುಎಂಎಂ ಕೋರ್‌ನಲ್ಲಿ (ಅಂದರೆ ಈ ಮಷೀನಿಗೆಂದೇ ಇರುವ ಭಾಗದಲ್ಲಿ) ಅವೇ ಆಟ ಆಡುತ್ತಿದ್ದೇನೆ. ಎಲ್ಲವೂ ಜಾಸ್ತಿ ವೇಗ ಅನಿಸುತ್ತಿದೆ, ಮ್ಯೂಸಿಕ್ಕೂ ಅವಸರದಲ್ಲಿದೆ. ನನಗೆ ವಯಸ್ಸಾಯಿತಾ, ಸೆಟ್ಟಿಂಗ್ ತಪ್ಪಿದೆಯಾ? – ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಅಲ್ಲ ಸಾರ್. ಆಟದ ನಿಜವಾದ ವೇಗವೇ ಇದು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್, ಅಲ್ಲಿನ ಟಿವಿಗೆ ತಕ್ಕಂತೆ ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ ಬಿಡಿ ಚಿತ್ರ, ತೋರಿಸುತ್ತಿತ್ತು. ನಮ್ಮ ಹಳೆಯ ಟಿವಿಗಳದ್ದು ಪಾಲ್ ಪದ್ಧತಿ, ಅಂದರೆ 50. ನೀವು ಆಡಿದ್ದು ಬಹುಶಃ ಪಾಲ್ ಟಿವಿಗಾಗಿ ಮಾಡಿದ ನಕಲು ಮಷೀನು. ಆ ಕಾಲದ ಆಟಗಳು ಗಡಿಯಾರ ನೋಡುವುದಿಲ್ಲ, ಫ್ರೇಮ್ ಎಣಿಸುತ್ತವೆ. ಹಾಗಾಗಿ 5 ನಿಮಿಷದ ಆಟಕ್ಕೆ ನಮ್ಮಲ್ಲಿ 6 ನಿಮಿಷ ಹಿಡಿಯುತ್ತಿತ್ತು.

ಒಂದು ಮಜಾ ನೋಡಿ. ಯುರೋಪಿನಲ್ಲಿ ಮಾರಿದ ಅಸಲಿ 50 ಫ್ರೇಮ್ ಮಷೀನಿನ ಪ್ರೊಸೆಸರ್ ಕೂಡ ನಿಧಾನ, 1.66 ಮೆಗಾಹರ್ಟ್ಸ್. ಸದ್ದು ಹುಟ್ಟುವುದೂ ಅದರ ವೇಗಕ್ಕೆ ತಕ್ಕಂತೆ, ಹಾಗಾಗಿ ಮ್ಯೂಸಿಕ್ಕಿನ ಶ್ರುತಿಯೇ ಕೊಂಚ ಇಳಿಯುತ್ತೆ. ಈ ಬಗೆಯ ನಕಲಿಯದ್ದು 1.77. ಜಪಾನಿನದಕ್ಕೆ (1.79) ತೀರಾ ಹತ್ತಿರ. ಆದ್ದರಿಂದ ಶ್ರುತಿ ಹೆಚ್ಚುಕಮ್ಮಿ ಅದೇ, ಲಯ ಮಾತ್ರ ನಿಧಾನ. ಈ ವಿಷಯದಲ್ಲಿ ನಕಲಿಯೇ ಮೇಲು ಅಂತೀನಿ!

ನಿಮಗೆ ಆ ಹಳೆಯ ಓಟವೇ ಬೇಕಾ? ಆಟ ಓಡುತ್ತಿರುವಾಗ ಕ್ವಿಕ್ ಮೆನು ತೆರೆದು ಕೋರ್ ಆಪ್ಷನ್ಸ್‌ಗೆ ಹೋಗಿ. ಆಟ ಶುರುವಾಗದೆ ಆ ಪಟ್ಟಿ ಕಾಣುವುದೇ ಇಲ್ಲ, ತುಂಬಾ ಜನ ಅಲ್ಲೇ ಎಡವುತ್ತಾರೆ. ‘ರೀಜನ್’ ಎಂಬಲ್ಲಿ ಆಟೋ ತೆಗೆದು ‘ಡೆಂಡಿ’ ಇಡಿ. ಪಾಲ್ ಅಲ್ಲ, ಡೆಂಡಿ. ಅದು ರಷ್ಯಾದಲ್ಲಿ ಮನೆಮಾತಾಗಿದ್ದ ಇಂಥದೇ ನಕಲಿಯ ಹೆಸರು. ಆಮೇಲೆ ಪರದೆ ಪಕ್ಕಕ್ಕೆ ಸರಿಯುವಾಗ ಸಣ್ಣಗೆ ಜಗ್ಗಿದಂತಾದರೆ ಗಾಬರಿ ಬೇಡ. 60 ಹರ್ಟ್ಸ್ ಪರದೆಯಲ್ಲಿ 50 ಫ್ರೇಮ್ ಕೂರಿಸಲು ಕೆಲವನ್ನು ಎರಡೆರಡು ಸಲ ತೋರಿಸಬೇಕಲ್ವಾ? ಮಾನಿಟರ್‌ನಲ್ಲಿ 50 ಹರ್ಟ್ಸ್ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ.

ಪ್ರಶ್ನೆ: ನನ್ನದೇ ಪ್ಲೇಸ್ಟೇಷನ್ 1 ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿ, ಫೈಲುಗಳಿಗೆ ಚೆಂದದ ಹೆಸರಿಟ್ಟೆ. ಈಗ ಆಟವೇ ಲೋಡ್ ಆಗುತ್ತಿಲ್ಲ. – ಓದುಗರೊಬ್ಬರು, ಶಿರಸಿ

ಉತ್ತರ: ಆ ಚೆಂದದ ಹೆಸರೇ ಕಾರಣ ಇರಬಹುದು. ಹೀಗೆ ಇಳಿಸಿದಾಗ ಸಾಮಾನ್ಯವಾಗಿ ಬಿನ್ (.bin), ಕ್ಯೂ (.cue) ಎಂಬ ಎರಡು ಬಗೆಯ ಫೈಲು ಬರುತ್ತವೆ. ಬಿನ್ ಫೈಲಿನಲ್ಲಿ ಡಿಸ್ಕಿನ ಮಾಹಿತಿ ಇರುತ್ತೆ. ಕ್ಯೂ ಫೈಲ್ ಯಾವ ಬಿನ್ ತೆರೆಯಬೇಕೆಂದು ಹೇಳುವ ನಾಲ್ಕಾರು ಸಾಲಿನ ಬರೀ ಟೆಕ್ಸ್ಟ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲ ಸಾಲಿನಲ್ಲೇ ಕೋಟ್ ಗುರುತಿನ ನಡುವೆ ಬಿನ್ ಫೈಲಿನ ಹಳೆಯ ಹೆಸರು ಇನ್ನೂ ಕೂತಿರುತ್ತೆ. ಹೊಸ ಹೆಸರನ್ನು ಅಕ್ಷರಶಃ ಹಾಗೇ ಟೈಪ್ ಮಾಡಿ ಸೇವ್ ಮಾಡಿ. ಬಿನ್ ಫೈಲುಗಳು ಹಲವಿದ್ದರೆ ಪ್ರತಿಯೊಂದರ ಸಾಲನ್ನೂ ತಿದ್ದಿ. ಎಮ್ಯುಲೇಟರಿನಲ್ಲಿ ಲೋಡ್ ಮಾಡಬೇಕಾದ್ದು ಕ್ಯೂ ಫೈಲನ್ನು.

ಆದರೂ ಆಗದಿದ್ದರೆ ಬಯೋಸ್ ಫೈಲ್ (ಪ್ಲೇಸ್ಟೇಷನ್ ಶುರುವಾಗಲು ಬೇಕಾದ ಅದರದೇ ಪ್ರೋಗ್ರಾಮ್) ನೋಡಿ. ಅದು ರೆಟ್ರೋಆರ್ಚ್‌ನ ಸಿಸ್ಟಮ್ ಫೋಲ್ಡರಿನಲ್ಲೇ ಇರಬೇಕು, ಕೋರ್ ಕೇಳುವ ಹೆಸರಿನಲ್ಲೇ ಇರಬೇಕು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೂ ಅದು ತಕರಾರು ಮಾಡುತ್ತೆ. ಬಯೋಸ್ ಎಲ್ಲಿ ಸಿಗುತ್ತೆ ಅಂತ ಮಾತ್ರ ಕೇಳಬೇಡಿ. ಅದು ಸೋನಿಯ ಹಕ್ಕಿನ ಸ್ವತ್ತು, ನಿಮ್ಮ ಮಷೀನಿನಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ಕೋರ್ ಅಪ್‌ಡೇಟ್ ಮಾಡಿದ ಮೇಲೆ ನನ್ನ ಸೇವ್ ಯಾವುದೂ ತೆರೆಯುತ್ತಿಲ್ಲ. – ಓದುಗರೊಬ್ಬರು, ಮಂಗಳೂರು

ಉತ್ತರ: ನೀವು ನೆಚ್ಚಿಕೊಂಡದ್ದು ಸೇವ್ ಸ್ಟೇಟ್ ಇರಬೇಕು. ಅದು ಆ ಕ್ಷಣದ ಮೆಮೊರಿಯ ನಕಲು, ಕೋರ್ ಬದಲಾದರೆ ಹೊಂದದೆ ಹೋಗಬಹುದು. ಹಳೆಯ ಆವೃತ್ತಿಯ ಕೋರ್ ಮತ್ತೆ ಹಾಕಿ, ಸ್ಟೇಟ್ ತೆರೆದು, ಆಟದ ಒಳಗಿನ ಮೆನುವಿನಿಂದಲೇ ಒಮ್ಮೆ ಸೇವ್ ಮಾಡಿ. ಆಮೇಲೆ ಅಪ್‌ಡೇಟ್ ಮಾಡಿ.